ಒಂಬತ್ತು ಜನರ ರಜೆ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಆರು ಡಬ್ಬಿ. ಐದಕ್ಕೆ ಮುಚ್ಚಳ ಸಿಕ್ಕಿತು, ಆರನೆಯದಕ್ಕೆ ರಬ್ಬರ್ ಬ್ಯಾಂಡ್. ಬಚ್ಚಲಿನ ಮುಂದೆ ಎಂದಿನ ಕ್ಯೂ. ಗುಂಡ ಒಳಗೆ ಸೇರಿ ಹಾಡು ಶುರು ಮಾಡಿದ. ಹೊರಗೆ ನನ್ನ ಮಗಳು ಪಟಾಕಿ ಬಾಗಿಲು ಮುರಿಯುವುದೊಂದು ಬಾಕಿ. ಹದಿಮೂರು ತುಂಬಿದ ಮೇಲೆ ಈ ಹುಡುಗಿಗೆ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತಿದೆ.

ಇವರಿಗೆ ರಜೆ ಮಂಜೂರಾಗಿದೆ! ಏಪ್ರಿಲ್‌ನಲ್ಲಿ ಪೂರ್ತಿ ಒಂದು ವಾರ. ಲಿಫ್ಟ್ ರಿಪೇರಿಯವರಿಗೆ ರಜೆ ಎಂದರೆ ಊರಿನ ಲಿಫ್ಟುಗಳೆಲ್ಲ ಮಾತಾಡಿಕೊಂಡು ಸುಮ್ಮನಿರಬೇಕು. ನಿನ್ನೆ ಊಟಕ್ಕೆ ಕೂತಾಗ ಹೇಳಿದರು. ಮಕ್ಕಳ ಕೂಗಿಗೆ ಪಕ್ಕದ ಮನೆಯವರು ಗೋಡೆ ತಟ್ಟಿದರು. ಮೌನಿ ಮಾತ್ರ ನಕ್ಕಂತೆ ಮಾಡಿ ಎಲ್ಲರ ತಟ್ಟೆ ಎತ್ತಿಕೊಂಡು ಹೋದಳು. ನನ್ನ ತಟ್ಟೆಯಲ್ಲಿ ಇನ್ನೂ ಎರಡು ತುತ್ತಿತ್ತು.

ನಾದಿನಿ ತೀರಿಕೊಂಡ ಮೇಲೆ ಅವಳ ಮೂವರೂ ನಮ್ಮಲ್ಲೇ. ಅವರಪ್ಪ ಅದಕ್ಕೂ ಮುಂಚೆಯೇ ಹೋದವನು. ಅವಳಿ ಹುಡುಗರು, ನಾವು ‘ಜೋಡಿ’ ಅನ್ನುವವರು, ಎರಡೇ ವಾರದಲ್ಲಿ ನಮ್ಮ ಗುಂಡ, ಪುಟ್ಟಿಯರ ಜೊತೆ ಕಲೆತು ಹೋದರು. ಅವರಕ್ಕ ಮೌನಿ ಮಾತ್ರ ಇನ್ನೂ ನೆಂಟರ ಮನೆಗೆ ಬಂದ ಹಾಗೆ. ಹದಿನಾಲ್ಕು ವರ್ಷಕ್ಕೆ ಇಷ್ಟೊಂದು ಮರ್ಯಾದೆ... ನೋಡಲು ಸಂಕಟ.

ಮಧ್ಯಾಹ್ನ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಹೋಟೆಲೊಂದಕ್ಕೆ ಫೋನ್ ಮಾಡಿದೆ.

“ಫ್ಯಾಮಿಲಿ ರೂಮ್ ಬೇಕಿತ್ತು.”

“ಎಷ್ಟು ಜನ ಮೇಡಂ?”

“ಒಂಬತ್ತು.”

ಆ ಕಡೆ ಪುಟ ತಿರುವಿದ ಸದ್ದು. ಆಮೇಲೆ, “ಮದುವೆ ಪಾರ್ಟಿನಾ ಮೇಡಂ?”

ಮಾರ್ಚ್ 8, ಭಾನುವಾರ

ಎಲ್ಲ ಕಡೆ ಒಂದೇ ಮಂತ್ರ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಜಗತ್ತಿನ ಸಂಸಾರಗಳೆಲ್ಲ ನಾಲ್ಕಕ್ಕೇ ಮುಗಿದುಬಿಡುತ್ತವೆ ಎಂದು ಹೋಟೆಲಿನವರಿಗೆ ಹೇಳಿದವರು ಯಾರೋ! ನಮಗೆ ಮೂರು ರೂಮು ಬೇಕು. ಎರಡರಲ್ಲಿ ಹೊಂದಿಕೊಳ್ಳುತ್ತೇವೆ ಎಂದರೆ ಬಿಡುವುದಿಲ್ಲ. ಮೂರು ರೂಮಿನ ಬಾಡಿಗೆ ಕೇಳಿ ಇವರು ಚಹಾದ ಲೋಟ ಕೆಳಗಿಟ್ಟರು, ಮತ್ತೆ ಎತ್ತಲಿಲ್ಲ.

ಸಂಜೆ ಒಂದು ದಾರಿ ಕಂಡಿತು. ಇವರು ಲಿಫ್ಟ್ ನೋಡುವ ಕಟ್ಟಡದ ಮಾಲೀಕರಿಗೆ ಬೆಟ್ಟದ ಮೇಲೊಂದು ಪುಟ್ಟ ಮನೆ ಇದೆಯಂತೆ. ಅರ್ಧ ಬಾಡಿಗೆಗೆ ಕೊಡುತ್ತಾರಂತೆ. ಆದರೆ ಆರು ಜನಕ್ಕಿಂತ ಒಬ್ಬರೂ ಹೆಚ್ಚು ಕೂಡದು. ನೀರಿನ ತೊಂದರೆ.

ಆರು. ಇವರು, ನಾನು, ಅಜ್ಜಿ (ಇವರಮ್ಮ), ಪಟಾಕಿ, ಗುಂಡ, ಪುಟ್ಟಿ.

ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಇವರೂ ಅದನ್ನು ನೋಡಿದರು, ನಾನೂ ನೋಡಿದೆ. ಎದ್ದು ಅಕ್ಕಿ ತೊಳೆಯಲು ಹೋದೆ.

ಮಾರ್ಚ್ 15, ಭಾನುವಾರ

ಅಕ್ಕ ಬಂದಿದ್ದಳು. ನನ್ನ ಮುಖ ನೋಡಿದ ಕೂಡಲೇ, “ಏನೇ, ಇಷ್ಟು ಸೊರಗಿದೀಯ?” ಎಂದಳು. ಬೆಟ್ಟದ ಮನೆಯ ವಿಷಯ ಹೇಳಿದೆ. ಹೇಳಬಾರದಿತ್ತೋ ಏನೋ. ಅವಳಂತೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು—

“ಆ ಮೂರು ಮಕ್ಕಳನ್ನ ನನ್ನ ಹತ್ರ ಬಿಟ್ಟು ಹೋಗು. ಒಂದು ವಾರ ತಾನೆ? ನಮ್ಮನೇಲಿ ಜಾಗಕ್ಕೇನು ಬರ. ನೀನೂ ಸ್ವಲ್ಪ ಉಸಿರಾಡು ಮಾರಾಯ್ತಿ, ಯಾವಾಗ ನೋಡಿದ್ರೂ ಗಾಣಕ್ಕೆ ಕಟ್ಟಿದ ಹಾಗೆ ಸುತ್ತುತ್ತಾ ಇರ್ತೀಯ.”

“ನೋಡೋಣ” ಎಂದೆ.

ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಅಕ್ಕ ಹೋದ ಮೇಲೆ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರ ಸತ್ತ ಮಗಳ ಮಕ್ಕಳು. ಒಣಗಿದ ಬಟ್ಟೆ ತರಲು ಹೋದರು.

ಒಂದು ವಾರ... ಮೂರೇ ಮಕ್ಕಳು. ಅದನ್ನು ನೆನೆದು ಹಗುರಾಯಿತು. ಹಗುರಾಯಿತಲ್ಲ ಎಂದು ಆಮೇಲೆ ಭಾರವಾಯಿತು.

ಮಾರ್ಚ್ 21, ಶನಿವಾರ

ಎಲ್ಲರೂ ಮಲಗಿದ ಮೇಲೆ ಈ ಪುಸ್ತಕ ತೆಗೆದೆ. ಬರೆದರೆ ಸರಿಹೋಗಬಹುದು.

ಅಂಗಡಿಯಿಂದ ಬೇಗ ಬಂದೆ. ಮಕ್ಕಳ ಕೋಣೆಯಲ್ಲಿ ಮೌನಿ ಒಬ್ಬಳೇ. ಮಂಚದ ಮೇಲೆ ಚೀಲ. ಜೋಡಿಯ ಅಂಗಿ ಚಡ್ಡಿಗಳನ್ನು ಮಡಿಸಿ ಮಡಿಸಿ ಇಡುತ್ತಿದ್ದಾಳೆ.

“ಇದೇನೇ?”

“ದೊಡ್ಡಮ್ಮನ ಮನೆಗೆ ಹೋಗೋಕೆ, ಅತ್ತೆ.” ನನ್ನ ಅಕ್ಕನನ್ನು ಪಟಾಕಿ ಕರೆಯುವ ಹಾಗೆ ಇವಳೂ ದೊಡ್ಡಮ್ಮ ಅನ್ನುತ್ತಾಳೆ.

“ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ಲ. ಆವತ್ತು ಕೇಳಿಸ್ತು. ಪರವಾಗಿಲ್ಲ ಅತ್ತೆ. ಜೋಡಿಗೂ ಹೇಳಿದೀನಿ, ಅಲ್ಲಿ ದೊಡ್ಡ ಟೀವಿ ಇದೆ ಅಂತ. ಅವರು ಅಳಲ್ಲ.”

“ರಜೆಗೆ ಇನ್ನೂ ತಿಂಗಳಿದೆಯಲ್ಲೇ...”

“ಕೊನೇ ಗಳಿಗೇಲಿ ನಿಮಗೆ ಕೆಲಸ ಜಾಸ್ತಿ ಆಗತ್ತೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಆ ‘ಪರವಾಗಿಲ್ಲ’ಕ್ಕೆ ಏನು ಮಾಡಲಿ? ಮಂಚದ ಮೇಲೆ ಕೂತೆ. ಚೀಲದಿಂದ ಒಂದೊಂದೇ ಬಟ್ಟೆ ತೆಗೆದು ಬೀರುವಿಗೆ ವಾಪಸ್ಸಿಟ್ಟೆ. ಅವಳು ಗೋಡೆಗೆ ಒರಗಿ ನೋಡುತ್ತಿದ್ದಳು.

“ಹೋದ್ರೆ ಒಂಬತ್ತೂ ಜನ. ಇಲ್ಲಾಂದ್ರೆ ಯಾರೂ ಇಲ್ಲ.”

“ಆ ಮನೇಲಿ ಆರೇ ಜನ ಅಂತೆ, ಅತ್ತೆ.”

“ಹಾಗಾದ್ರೆ ಆ ಮನೆ ಬೇಡ.”

ಇವರು ಬಂದ ಮೇಲೆ ಹೇಳಿದೆ. ಬೂಟು ಕೂಡ ಬಿಚ್ಚದೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

“ನನ್ನ ತಂಗಿ ಮಕ್ಕಳು ಕಣೇ. ನಾನೇ ಬಾಯಿ ಬಿಡಬೇಕಿತ್ತು. ನಿನ್ನ ಮೇಲೇ ಹೊರೆ ಹೊರಿಸಿದೀನಿ, ಇನ್ನು ಯಾವ ಮುಖ ಇಟ್ಕೊಂಡು ಕೇಳಲಿ ಅಂತ ಸುಮ್ಮನಾದೆ.”

ಒಳಗಿಂದ ಅಜ್ಜಿ, “ನಾನೂ ಅದಕ್ಕೇ ಸುಮ್ಮನಿದ್ದೆ” ಎಂದರು.

ಒಬ್ಬರಿಂದೊಬ್ಬರಿಗೆ ನೋವಾಗಬಾರದು ಎಂದು ಮೂವರು ದೊಡ್ಡವರು ಬಾಯಿಗೆ ಬೀಗ ಹಾಕಿಕೊಂಡು ಕೂತೆವು. ಆ ಮಗು ಚೀಲ ಕಟ್ಟಿತು.

ಇವರು ಫೋನ್ ಮಾಡಿ ಬೆಟ್ಟದ ಮನೆ ಬೇಡವೆಂದರು.

ಮಾರ್ಚ್ 29, ಭಾನುವಾರ

ಇವತ್ತು ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದೆವು. ಗುಂಡನಿಗೆ ಟೆಂಟ್ ಬೇಕು. ಅಜ್ಜಿಯ ಮಂಡಿ ಟೆಂಟಿಗೆ ಒಪ್ಪುವುದಿಲ್ಲ. ಪಟಾಕಿಯ ಪ್ಲಾನು, “ಹೋಟೆಲ್‌ನೋರಿಗೆ ನಾಲ್ಕೇ ಜನ ಅನ್ನೋಣ. ಉಳಿದೋರು ಕಿಟಕಿಯಿಂದ ಬರೋದು.”

“ನಾನೂ ಕಿಟಕಿಯಿಂದಲೇನೇ?” ಎಂದರು ಅಜ್ಜಿ. ಜೋಡಿ ಬಿದ್ದು ಬಿದ್ದು ನಕ್ಕವು.

ಕೊನೆಗೆ ಅಜ್ಜಿಯೇ ದಾರಿ ತೋರಿಸಿದ್ದು. “ಹೋಟೆಲ್ ಯಾಕೆ ಬೇಕು? ನಾಲ್ಕು ಜನ ಮಲಗೋ ಜಾಗಕ್ಕೆ ಹೋಗಿ ಒಂಬತ್ತು ಅಂದ್ರೆ ಅವರು ಹೌಹಾರದೆ ಇರ್ತಾರಾ? ಐವತ್ತು ಜನ ಮಲಗೋ ಜಾಗ ಹುಡುಕು. ಅಲ್ಲಿ ನಾವೇ ಕಡಿಮೆ.”

ಹಾಸ್ಟೆಲ್, ಕ್ಲಬ್ಬು, ಶಾಲೆ... ರಜೆಯಲ್ಲಿ ಖಾಲಿ ಬೀಳುವಂಥವು. ಇಷ್ಟು ದಿನ ತಲೆಗೇ ಹೊಳೆದಿರಲಿಲ್ಲ.

ಏಪ್ರಿಲ್ 2, ಗುರುವಾರ

ಸಿಕ್ಕಿತು! ದೋಣಿ ನಡೆಸುವುದನ್ನು ಕಲಿಸುವ ಮೇಷ್ಟ್ರು ಅಂಗಡಿಗೆ ಬಂದಿದ್ದರು, ಹಳೆಯ ಗಿರಾಕಿ. ಓದುವ ಕನ್ನಡಕ ಮತ್ತೆ ನೀರಿಗೆ ಬಿತ್ತಂತೆ. ಫ್ರೇಮ್ ನೋಡುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. ಸರೋವರದ ದಡದಲ್ಲಿ ಅವರ ಕ್ಲಬ್ಬಿನ ಹಾಲ್ ಇದೆ, ತರಬೇತಿಗೆ ಬರುವ ಮಕ್ಕಳು ಮಲಗುವುದು ಅಲ್ಲೇ. ಮೇ ತನಕ ಖಾಲಿ. ಪಕ್ಕದಲ್ಲೇ ಅಡುಗೆಮನೆ. ಹೊದಿಕೆ, ಪಾತ್ರೆ ನಾವೇ ಒಯ್ಯಬೇಕು, ಬರುವಾಗ ಗುಡಿಸಿ ಒರೆಸಿ ಬರಬೇಕು. ಇಡೀ ಹಾಲಿಗೆ ವಾರದ ಬಾಡಿಗೆ ಹೋಟೆಲಿನ ಒಂದು ರೂಮಿನಷ್ಟೂ ಇಲ್ಲ.

“ನಾವು ಒಂಬತ್ತು ಜನ ಇದೀವಿ, ಸರ್” ಎಂದೆ, ಗಟ್ಟಿ ಮನಸ್ಸು ಮಾಡಿ.

“ಅಷ್ಟೇನಾ? ಅಲ್ಲಿ ಇಪ್ಪತ್ನಾಲ್ಕು ಮಂಚ ಇದೆಯಮ್ಮ.”

ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಗಾಜು ಎರಡು ಸಲ ಒರೆಸಿ ಕೊಟ್ಟೆ.

ಏಪ್ರಿಲ್ 11, ಶನಿವಾರ

ಎಕ್ಸ್‌ಪ್ರೆಸ್ ಬೇಡ, ಪ್ಯಾಸೆಂಜರ್ ರೈಲಿನಲ್ಲೇ ಹೋಗುವುದು. ಎರಡರಷ್ಟು ಹೊತ್ತು, ಅರ್ಧ ದುಡ್ಡು. ಪುಟ್ಟಿಗೆ ಟಿಕೆಟ್ಟೇ ಇಲ್ಲ. ದೊಡ್ಡ ಪಾತ್ರೆ ಕೆಳಗಿನ ಮನೆಯವರು ಕೊಡುತ್ತಾರೆ. ಮೊದಲ ದಿನಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಆಮೇಲೆ ಅಲ್ಲಿನ ಸಂತೆ ಇದ್ದೇ ಇದೆ.

ಅಲ್ಲಿ ಏನು ಮಾಡಬೇಕೆಂದು ಒಬ್ಬೊಬ್ಬರೂ ಒಂದೊಂದು ಹೇಳಬೇಕು ಎಂದರು ಇವರು. ಗುಂಡನಿಗೆ ಮೀನು ಹಿಡಿಯಬೇಕು. ಪಟಾಕಿಗೆ ಹತ್ತು ಗಂಟೆಯ ತನಕ ಮಲಗಬೇಕು. ಜೋಡಿಗೆ ದೋಣಿ. ಪುಟ್ಟಿಗೆ ಬಾತುಕೋಳಿ, ಮನೆಗೆ ತರಲು.

“ನಿನಗೇನು ಬೇಕೇ?” ಎಂದೆ ಮೌನಿಗೆ.

“ಎಲ್ಲರಿಗೂ ಯಾವುದು ಸರಿಯೋ ನನಗೂ ಅದೇ ಸರಿ, ಅತ್ತೆ.”

ಕರೆದುಕೊಂಡು ಹೋಗುವುದೇನೋ ಹೋಗುತ್ತೇವೆ. ಆದರೂ ಇವಳನ್ನು ಇಲ್ಲೇ ಬಿಟ್ಟು ಹೋಗುತ್ತಿದ್ದೇವೇನೋ ಅನ್ನಿಸಿತು.

ಏಪ್ರಿಲ್ 20, ಸೋಮವಾರ, ಬೆಳಿಗ್ಗೆ

ನಿನ್ನೆ ಬಂದು ಸೇರಿದೆವು. ರೈಲಿನಲ್ಲಿ ನೂಕುನುಗ್ಗಲು. ಗುಂಡ ವಾಂತಿ ಮಾಡಿಕೊಂಡ. ಪಕ್ಕದ ಸೀಟಿನವರು ಜಾಗ ಬಿಟ್ಟು ಎದ್ದರು, ಅಜ್ಜಿಗೆ ಕಾಲು ಚಾಚಲು ಆಯಿತು. ಹಾಲ್ ಉದ್ದಕ್ಕಿದೆ. ಒಂದರ ಮೇಲೊಂದು ಕಬ್ಬಿಣದ ಮಂಚ. ಹಗ್ಗದ ವಾಸನೆ, ಬಣ್ಣದ ವಾಸನೆ. ಒಲೆ ಹತ್ತಲಿಲ್ಲ. ಇವರು ಬಿಚ್ಚಿ ಕೂತರು. ರಜೆಯಲ್ಲೂ ರಿಪೇರಿ! ಮುಖದಲ್ಲಿ ಮಾತ್ರ ಖುಷಿಯೋ ಖುಷಿ.

ಬೆಳಿಗ್ಗೆ ಎದ್ದಾಗ ಹಿಂದುಗಡೆ ನಲ್ಲಿಯ ಸದ್ದು. ಮೌನಿ ತಣ್ಣೀರಲ್ಲಿ ಚಾದರ ಒಗೆಯುತ್ತಿದ್ದಳು. ಜೋಡಿಯಲ್ಲೊಬ್ಬ ಹಾಸಿಗೆ ಒದ್ದೆ ಮಾಡಿದ್ದಾನೆ.

“ಸಾರಿ ಅತ್ತೆ. ಇನ್ನು ಹಾಗೆ ಮಾಡದ ಹಾಗೆ ನೋಡ್ಕೋತೀನಿ.”

ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಹಿಂಡಿದೆವು.

“ಗುಂಡ ಎಂಟು ವರ್ಷದವರೆಗೂ ಮಾಡ್ತಿದ್ದ. ಎದ್ದು ನೋಡಿ ಬೆಕ್ಕು ಮಾಡ್ತು ಅಂತಿದ್ದ.”

“ನಿಮ್ಮನೇಲಿ ಬೆಕ್ಕಿತ್ತಾ?”

“ಎಲ್ಲಿತ್ತು!”

ನಕ್ಕುಬಿಟ್ಟಳು, ಸದ್ದು ಮಾಡಿ. ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ‘ನಿಮ್ಮನೇಲಿ’ ಎಂದದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಏಪ್ರಿಲ್ 22, ಬುಧವಾರ, ಮಧ್ಯಾಹ್ನ

ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದೇನೆ. ಅನ್ನ ಬೇಯುತ್ತಿದೆ. ಗುಂಡನಿಗೆ ಮೀನು ಸಿಗಲಿಲ್ಲ, ಚಪ್ಪಲಿ ಸಿಕ್ಕಿದೆ. ಯಾರದೋ. ಮೇಷ್ಟ್ರು ಬಂದು ಎಲ್ಲರನ್ನೂ ದೋಣಿಯಲ್ಲಿ ಸುತ್ತಿಸಿದರು. ಅಜ್ಜಿ ಇಳಿಯಲೇ ಒಪ್ಪ—

ಹಾಲ್‌ನಲ್ಲಿ ಗಲಾಟೆ.

ಪಟಾಕಿಯ ಗಂಟಲು. ಅದು ದಿನಾ ಇದ್ದದ್ದೇ. ಅದರ ಮೇಲೆ ಇನ್ನೊಂದು ಗಂಟಲು. ಗುರುತೇ ಹತ್ತಲಿಲ್ಲ.

“ಅದು ನನ್ನ ಮಂಚ! ಫಸ್ಟ್ ನಾನು ಹಿಡಿದಿದ್ದು! ನನ್ನ ದಿಂಬು ಯಾಕೆ ಎಸೆದೆ?”

“ಎಸೆದಿಲ್ಲ, ಕೆಳಗಿಟ್ಟೆ. ನೀನು ಏನೂ ಅನ್ನಲ್ಲ ಅಂದ್ಕೊಂಡೆ!”

“ಅಂತೀನಿ! ಯಾಕೆ ಅನ್ನಬಾರದು? ಕಿಟಕಿ ಪಕ್ಕ ನಂಗೂ ಬೇಕು!”

ಮೌನಿ! ನಮ್ಮ ಮೌನಿ ಕಿರುಚುತ್ತಿದ್ದಾಳೆ.

ಇವರು ಸ್ಪ್ಯಾನರ್ ಹಿಡಿದುಕೊಂಡೇ ಓಡಿ ಬಂದರು. ಬಾಗಿಲಲ್ಲಿ ತೋಳು ಹಿಡಿದು ನಿಲ್ಲಿಸಿದೆ. “ಬಿಡಿ, ಆಡಲಿ.”

“ಹೊಡೆದಾಡ್ಕೋತಾರೆ ಕಣೇ!”

“ಆಡಲಿ ಅಂದೆನಲ್ಲ.” ಮತ್ತೆ ಬೆಂಚಿಗೆ ಬಂದು ಕೂತೆ.

ಅಜ್ಜಿ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅಳುತ್ತಿದ್ದಾರೋ ನಗುತ್ತಿದ್ದಾರೋ, ಇಲ್ಲಿಂದ ತಿಳಿಯುತ್ತಿಲ್ಲ. ನೆಂಟರು ದಿಂಬಿಗೆ ಜಗಳ ಆಡುವುದಿಲ್ಲ.

“ಅತ್ತೇ! ಇವಳಿಗೆ ಹೇಳಿ! ಅತ್ತೇ, ಬನ್ನಿ ಇಲ್ಲಿ!”

ಇಷ್ಟು ದಿನದಲ್ಲಿ ಒಮ್ಮೆಯೂ ಯಾವುದಕ್ಕೂ ನನ್ನನ್ನು ಕರೆದವಳಲ್ಲ.

“ಅಮ್ಮಾ, ನಾನೇನೂ ಮಾಡಿಲ್ಲ!”

ಬಂದೆ, ಬಂದೆ. ಮಂಚವಂತೂ ಮೌನಿಯದೇ, ನಾನೇ ನೋಡಿದ್ದೇನೆ. ಮೊದಲು ಪಟಾಕಿಯ ಕಿವಿ ಹಿಂಡಿ, ಆಮೇಲೆ ಇಬ್ಬರನ್ನೂ—