ಮೂರನೇ ತರಗತಿಯ ನೀಲಿ ಬಾವುಟ

ನ್ಯೂಯಾರ್ಕ್, ೧೯೦೮
ನವೆಂಬರ್ ೯, ಸೋಮವಾರ

ಬೆಳಗಿನಿಂದ ಅದೇ — ತಲೆ, ಕಣ್ಣು, ಗಂಟಲು. ಇಟಲಿಯವರ ಮಕ್ಕಳ ಬಾಯಲ್ಲಿ ಬೆಳ್ಳುಳ್ಳಿ, ಯಹೂದಿಗಳ ಮಕ್ಕಳ ಬಾಯಲ್ಲಿ ಈರುಳ್ಳಿ. ಐರಿಷ್ ನರ್ಸ್ ನಾನು, ಎರಡನ್ನೂ ಮೂಸಿಯೇ ಸಂಬಳ ಎಣಿಸಬೇಕು. ಎರಡನೇ ತರಗತಿಯಲ್ಲಿ ಹುಳುಕಡ್ಡಿ, ಇಬ್ಬರನ್ನು ಮನೆಗೆ ಕಳಿಸಿದೆ. ಮೂರನೆಯದರಲ್ಲಿ ಒಬ್ಬರಿಗೂ ಏನೂ ಇಲ್ಲ. ಯಾರೂ ಶಾಲೆ ತಪ್ಪಿಸದ ತರಗತಿಯ ಬಾಗಿಲಿಗೆ ನೀಲಿ ಬಾವುಟ ಕಟ್ಟುತ್ತಾರೆ. ಅದು ಒಂದು ತಿಂಗಳಿಂದ ಮೂರನೆಯದರ ಬಾಗಿಲಲ್ಲೇ ಇದೆ. ನಾನೂ ಭೇಷ್ ಅಂದೆ. ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕವು.

ನವೆಂಬರ್ ೧೨

ಬೀದಿಯಲ್ಲಿ ಗಂಟಲಮಾರಿ, ಡಿಫ್ತೀರಿಯಾ. ಬೇಕರಿಯವನ ಮಗು ಹೋಯಿತಂತೆ. ಬಾವುಟ ತೆಗೆಸಿಬಿಡಿ, ಅದರ ಆಸೆಗೆ ಹುಷಾರಿಲ್ಲದವೂ ಬರುತ್ತವೆ ಎಂದು ಮೂರನೇ ತರಗತಿಯ ಟೀಚರ್ ಮಿಸ್ ಪ್ರಾಟ್‌ಗೆ ಹೇಳಿದೆ.

"ನೀವು ಗಂಟಲು ನೋಡ್ಕೊಳ್ಳಿ ಮಿಸ್ ಟೈರ್ನಿ. ತರಗತಿ ನಾನು ನೋಡ್ಕೋತೀನಿ."



ನವೆಂಬರ್ ೧೬, ಸೋಮವಾರ, ಸಂಜೆ

ಮೂರನೇ ತರಗತಿಯ ತಪಾಸಣೆ ಮುಗಿಸಿದೆ. ಎಲ್ಲ ಗಂಟಲೂ ಚೊಕ್ಕ. ಛತ್ರಿ ತರಲು ಕೋಟಿನ ಕೋಣೆಗೆ ಹೋದೆ. ಮೂಲೆಯಲ್ಲಿ ಕೋಟುಗಳ ರಾಶಿ... ಅದರೊಳಗಿಂದ ಗೊರಗೊರ ಉಸಿರು. ಅಡಿಯಲ್ಲಿ ಅಸುಂತಾ, ದರ್ಜಿಯವನ ಮಗಳು. ಗಂಟಲಲ್ಲಿ ಬೂದು ಪೊರೆ, ಗಂಟಲಮಾರಿಯೇ.

ಹಾಜರಿ ಕೂಗಿದಾಗ ಓಗೊಟ್ಟು, ನಾನು ಬರುವ ಹೊತ್ತಿಗೆ ಇಲ್ಲಿ ಅಡಗುವುದು. ಬಾವುಟ ಉಳಿಯಲೆಂದು ಹುಷಾರಿಲ್ಲದವರೆಲ್ಲ ಹೀಗೇ ಮಾಡುತ್ತಿದ್ದರಂತೆ. ಆ ಹೊತ್ತಿಗೆ ಮಿಸ್ ಪ್ರಾಟ್ ಹೊರಗಿರುತ್ತಾಳೆ, ಹೇನಿನ ಭಯ. ನಾನೋ, ಸಾಲಿನಲ್ಲಿ ಬಂದವರ ಗಂಟಲು ನೋಡಿದೆ, ತಲೆ ಎಣಿಸಲಿಲ್ಲ.

"ಅವಳಿಗೆ ಚಳಿ ಆಗ್ತಿತ್ತು ಮಿಸ್," ಅಂದಳು ಗೆಳತಿ ಫ್ರೀಡಾ. "ಎಲ್ರೂ ನಮ್ ನಮ್ ಕೋಟು ಹೊದಿಸಿದ್ವಿ."

ಎಲ್ಲರೂ! ರೋಗಾಣು ಸಾಯಲೆಂದು ಕೋಟುಗಳನ್ನು ಹಬೆಗೆ ಕಳಿಸಿದೆ. ಮಕ್ಕಳು ಬರೀ ಅಂಗಿಯಲ್ಲಿ ನಡುಗುತ್ತ ಮನೆಗೆ ಹೋದವು.

ಆಸ್ಪತ್ರೆ ಗಾಡಿಯ ಹಿಂದೆಯೇ ಅಸುಂತಾಳ ತಾಯಿ ಓಡಿಬಂದಳು. ಬಾಗಿಲಲ್ಲಿ ನನ್ನ ತೋಳು ಹಿಡಿದಳು.

"ವಾರವಾರ ನೋಡ್ತೀಯಲ್ಲ ನರ್ಸಮ್ಮ, ಏನು ನೋಡ್ತಿದ್ದೆ?"

ನವೆಂಬರ್ ೧೯

ಅಸುಂತಾ ಬೆಳಗಿನ ಜಾವ ಹೋದಳು. ಸೂಜಿಮದ್ದು ಕೊಟ್ಟಿದ್ದು ತಡವಾಯಿತಂತೆ.

ಉಳಿದ ಮಕ್ಕಳನ್ನೆಲ್ಲ ಸೂಜಿಗೆ ಕರೆಸಿದೆವು. ಈ ಸಲ ಎಣಿಸಿದೆ. ಬಾವುಟ ನಾನೇ ಕಿತ್ತೆ. ಮಿಸ್ ಪ್ರಾಟ್ ಅಳುತ್ತಿದ್ದಳು ಅನಿಸುತ್ತೆ.

ಫ್ರೀಡಾಳ ಸರದಿ. ತೆರೆದ ಬಾಯಿ ಮುಚ್ಚಿ ಕೇಳಿದಳು:

"ಮಿಸ್, ಅಸುಂತಾಗೆ ಗೈರುಹಾಜರಿ ಹಾಕ್ತಾರಾ?"

ಇಲ್ಲ ಮಗು, ಅಂದೆ.

"ಮತ್ತೆ ಬಾವುಟ ಯಾಕೆ ಕಿತ್ರಿ?"

ಮತ್ತೆ ಬಾಯಿ ತೆರೆಸಿ ಅವಳ ಗಂಟಲು ನೋಡಿದೆ.