ಬಾವಿಗೆ ಬಿಟ್ಟ ಜಿಗಣೆಗಳು

ಕೊಣ್ಣೂರು
ತಾ. ೧೮-೧೨-೧೯೫೪, ಶನಿವಾರ

ನೀಲವ್ವನ ತಂದೆಯವರಿಗೆ ಶರಣು.

ಎಲ್ಲರೂ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ಆ ಸಾಲು ಈ ಕಾಗದದಲ್ಲಿ ಇರುವುದಿಲ್ಲ. ನನ್ನ ಸಿಟ್ಟಿಗೆ ಲೇಖನಿಯ ಟಾಕು ಚುಚ್ಚಿ ಈಗಾಗಲೇ ಎರಡು ಹಾಳೆ ಹರಿದಿವೆ. ಇದು ಮೂರನೆಯದು.

ಮೊದಲು ಮಗಳ ಸುದ್ದಿ. ನೀಲವ್ವ ಉಳಿದಳು. ಉಳಿಸಿದವರು ಗಜೇಂದ್ರಗಡದ ನಿಮ್ಮ ವೈದ್ಯರಲ್ಲ, ಇಲ್ಲಿ ದನಕರುಗಳಿಗೆ ಔಷಧ ಮಾಡುವ ಫಕ್ರುಸಾಬರು. ಅವರು ಬಂದದ್ದು ಅಪ್ಪನ ಕುಂಟ ಎತ್ತನ್ನು ನೋಡಲು. ಪಡಸಾಲೆಯಲ್ಲಿ ಮಲಗಿದ್ದ ಹುಡುಗಿಯನ್ನು ಕಂಡು, ಮೂಗಿನಿಂದ ಎಷ್ಟು ದಿನದಿಂದ ರಕ್ತ ಬರುತ್ತಿದೆ ಎಂದು ಕೇಳಿದರು. ಇಪ್ಪತ್ತೆರಡು ದಿನ ಅಂದೆ. "ಇದು ಮಂದಿ ಬ್ಯಾನಿ ಅಲ್ಲವ್ವ, ಎತ್ತಿನ ಬ್ಯಾನಿ. ಹೊಳಿ ನೀರು ಕುಡದ ಎತ್ತಿಗೆ ಹಿಂಗ ಆಗತೈತಿ. ನಾಳೆ ಮುಂಜಾನಿಂದ ಹುಡುಗಿಗೆ ಹನಿ ನೀರು ಕೊಡಬ್ಯಾಡ್ರಿ" ಅಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮಗು ನೀರು ನೀರು ಎಂದು ಅಳುತ್ತಿತ್ತು. ಫಕ್ರುಸಾಬರು ತಾಟಿನ ತುಂಬ ತಣ್ಣೀರು ಹಾಕಿ ಅವಳ ಮೂಗಿನ ಕೆಳಗೆ ಹಿಡಿದರು. ಕುಡಿಯದಂತೆ ಅವಳ ಬಾಯಿ ಒತ್ತಿ ಹಿಡಿದವಳು ನಾನು, ಹೆತ್ತ ತಾಯಿ. ನೀರಿನ ತಂಪಿಗೆ ಮೂಗಿನಿಂದ ಕಪ್ಪು ದಾರದ ತುದಿಯಂಥದ್ದೊಂದು ಇಣುಕಿತು, ಒಳಗೆ ಹೋಯಿತು, ಮತ್ತೆ ಇಣುಕಿತು. ನಾಲ್ಕನೆಯ ಸಲಕ್ಕೆ ಅವರು ಬೂದಿ ಹಚ್ಚಿದ ಬೆರಳಿನಿಂದ ಅದನ್ನು ಹಿಡಿದು ಎಳೆದರು. ನನ್ನ ಕಿರುಬೆರಳಿನಷ್ಟು ಉದ್ದದ ಜಿಗಣೆ. ನಿಮ್ಮ ಮೀನಿನ ಪೆಟ್ಟಿಗೆಯ ಜಿಗಣೆ!

ಮುಂಬಯಿಗೆ ಸೀರೆ ಮಾರಲು ಹೋದ ಮನುಷ್ಯ ಮಗಳಿಗೊಂದು ಗೊಂಬೆ ತರುತ್ತಾನೆ. ನೀವು ತಂದದ್ದು ಗಾಜಿನ ಪೆಟ್ಟಿಗೆ, ಅದರೊಳಗೆ ಆರು ಕೆಂಪು ಮೀನು. ಮೀನು ಒಲೆಗೇರದ ಮನೆಗೆ ಮೀನು ಬಂದಿದೆ ಎಂದು ಅರ್ಧ ಊರು ನಮ್ಮ ಪಡಸಾಲೆಗೆ ಬಂದು ನಕ್ಕಿತು. ನಾನೂ ನಕ್ಕೆ, ಬಂದವರಿಗೆಲ್ಲ ಚಹಾ ಮಾಡಿದೆ. ಅಷ್ಟಕ್ಕೆ ನಿಲ್ಲಿಸಬಾರದಿತ್ತೆ? ಪಂಚಮಿ ಮುಗಿದ ಮೇಲೆ ನನ್ನನ್ನು ಕರೆದೊಯ್ಯಲು ಇಲ್ಲಿಗೆ ಬಂದವರು, ಮಲಪ್ರಭೆಯ ದಂಡೆಯಲ್ಲಿ ಧೋತರ ಎತ್ತಿ ಕಟ್ಟಿ ಇಳಿದು, ಡಬ್ಬಿ ತುಂಬ ನೀರಹುಲ್ಲು, ಕಲ್ಲು ತುಂಬಿಕೊಂಡಿರಿ. ಮೀನುಗಳಿಗೆ ಹೊಳೆಯಲ್ಲೇ ಇದ್ದೇವೆ ಅನ್ನಿಸಬೇಕಂತೆ! ಮೀನುಗಳಿಗೆ ಏನನ್ನಿಸಿತೋ, ಆ ಹುಲ್ಲಿನಲ್ಲಿ ಅಡಗಿ ಬಂದ ಜಿಗಣೆಗಳಿಗೆ ಮಾತ್ರ ಹಬ್ಬವಾಯಿತು. ಹದಿನೈದು ದಿನದಲ್ಲಿ ಎರಡು ಮೀನು ಸತ್ತವು. ಗಾಜಿಗೆ, ಕಲ್ಲಿನ ಅಡಿಗೆ, ಮೀನಿನ ಮೈಗೆ, ಎಲ್ಲಿ ನೋಡಿದರೂ ಅವೇ.

ಎದುರು ಮನೆಯ ಬಣ್ಣಗಾರ ಕಾಶೀಂಸಾಬ ಅವತ್ತೇ ಹೇಳಿದ್ದರು: "ಸಾಹುಕಾರ್ರ, ಆ ಹುಲ್ಲು ಕಲ್ಲು ಉಪ್ಪಿನ ನೀರಾಗ ಅದ್ದಿ ತಗೀರಿ. ಜಿಗಳಿ ಎಲ್ಲಾ ಉದರಿ ಬೀಳತಾವ." ನೀವು ಕೇಳಿದಿರಾ? "ಒಂದು ಜೀವ ಉಳಸಾಕ ಇನ್ನೊಂದು ಜೀವ ತಗೀಲೇನು?" ಎಂದು ಅವರ ಬಾಯಿ ಮುಚ್ಚಿಸಿದಿರಿ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಎರಡು ಬಿದಿರು ಕಡ್ಡಿಯಿಂದ ಒಂದೊಂದೇ ಜಿಗಣೆಯನ್ನು ನೋವಾಗದಂತೆ ಎತ್ತಿ ಬಟ್ಟಲಿಗೆ ಹಾಕಿ, ಹಿತ್ತಿಲ ಬಾವಿಗೆ ಬಿಡುತ್ತಿದ್ದಿರಿ. ನಾವು ಕುಡಿಯುವ ಬಾವಿಗೆ! ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸುತ್ತೇವೆ, ಖರೆ. ಆಡಿ ದಣಿದು ಬಂದ ಏಳು ವರ್ಷದ ಹುಡುಗಿ ಅಲ್ಲಿಯವರೆಗೆ ಕಾಯುತ್ತಾಳೆಯೇ? ಎಳೆದ ಬಕೀಟಿಗೇ ಬಾಯಿ ಹಚ್ಚುತ್ತಾಳೆ.

ದೀಪಾವಳಿ ಕಳೆದು ಮೂರು ವಾರಕ್ಕೆ ರಕ್ತ ಶುರುವಾಯಿತು. ನೀವು ಉಷ್ಣ ಅಂದಿರಿ, ಅತ್ತೆಯವರು ದೃಷ್ಟಿ ಅಂದರು, ವೈದ್ಯರು ಕ್ಷಯವಿರಬಹುದು ಅಂದರು. ಮಗಳು ಹೊಸ್ತಿಲು ದಾಟಲು ಗೋಡೆ ಹಿಡಿಯುವಂತಾದಳು. ಆ ದಿನವೂ ನೀವು ಬೆಳಿಗ್ಗೆ ಎದ್ದು ಕಡ್ಡಿ ಹಿಡಿದು ಗಾಜಿನ ಮುಂದೆ ಕೂತಿದ್ದಿರಿ. ಅದನ್ನು ನೋಡಿಯೇ ನಾನು ಮಗಳನ್ನು ಎತ್ತಿಕೊಂಡು ಮೋಟಾರು ಹತ್ತಿದ್ದು.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಮೊನ್ನೆ ಬುಧವಾರ ಅಪ್ಪ ನಿಮ್ಮ ಅಂಗಡಿಗೆ ಬಂದಿದ್ದನಲ್ಲ, ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೆ. ನೇಕಾರರೆಲ್ಲ ಕೂತಿದ್ದಾಗ, "ಜಿಗಳಿಗೆ ದಯಾ ತೋರಿಸಿ ಹೆತ್ತ ಮಗಳ ರಕ್ತ ಕುಡಿಸಿದೆಲ್ಲೋ, ನೀ ಎಂಥಾ ತಂದಿ?" ಎಂದು ಏಕವಚನದಲ್ಲಿ ಬೈದನಂತೆ. ನೀವು ತಲೆ ತಗ್ಗಿಸಿ, "ತಪ್ಪು ನಂದ್ರಿ" ಎಂದು ಅಷ್ಟೇ ಅಂದಿರಂತೆ. ಅಪ್ಪ ಇದನ್ನು ಇಲ್ಲಿ ಮೀಸೆ ತೀಡುತ್ತ ಹೇಳಿದ. ಬರುವ ಗುರುವಾರ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ನನ್ನ ಮದುವೆಯ ಭಾಂಡೆಗಳನ್ನು ಹೇರಿಕೊಂಡು ಬರುತ್ತಾನಂತೆ. ನನ್ನನ್ನು ಇನ್ನು ನಿಮ್ಮ ಮನೆಗೆ ಕಳಿಸುವುದಿಲ್ಲವಂತೆ.

ನಿಮಗೆ ಬಾಯಿ ಇರಲಿಲ್ಲವೇ? ಸೀರೆಯ ಸೆರಗು ನಾಲ್ಕು ಬೆರಳು ಕಡಿಮೆ ಬಂದರೆ ಅರ್ಧ ದಿನ ವಾದಿಸುವವರು, ನಿಮ್ಮ ಸಂಸಾರ ಮುರಿಯುವಾಗ ಒಂದು ಮಾತು ಆಡಬಾರದಿತ್ತೆ? ಯಾರು ಕೇಳಿದ್ದರು ನಿಮ್ಮ ದೊಡ್ಡತನವನ್ನು? ನೀವು ಎದುರು ಮಾತಾಡಿದ್ದರೆ ನಾನು ನಿಮ್ಮ ಮೇಲೆ ಹಾಯಾಗಿ ಸಿಟ್ಟು ಮಾಡಿಕೊಂಡಿರುತ್ತಿದ್ದೆ. ಈಗ ಮೂರು ದಿನದಿಂದ ನನ್ನ ಪಾಲಿನ ರೊಟ್ಟಿಯನ್ನು ಕುಂಟ ಎತ್ತಿಗೆ ಹಾಕುತ್ತಿದ್ದೇನೆ.

ಈ ಕಾಗದ ಮುಟ್ಟಿದ ದಿನವೇ ಆಳು ಹಚ್ಚಿ ಬಾವಿಯ ನೀರೆಲ್ಲ ಎತ್ತಿಸಿ, ಕೆಸರು ತೆಗೆಸಿ. ಆ ಹುಲ್ಲು, ಕಲ್ಲು ಬಿಸಿಲಿಗೆ ಎಸೆಯಿರಿ. ಜೀವ ಹೋದರೆ ಆ ಪಾಪ ನನಗಿರಲಿ. ಮೀನುಗಳು ಬೇಕಾದರೆ ಇರಲಿ, ಅವೇನು ಮಾಡಿವೆ? ನಿನ್ನೆ ಎದ್ದು ಕೂತ ನೀಲವ್ವ ನಾಲ್ಕೂ ಮೀನು ಇನ್ನೂ ಇವೆಯೇ ಎಂದು ಕೇಳಿದಳು. ನಿಮ್ಮನ್ನೂ ಕೇಳಿದಳು. ಅತ್ತೆಯವರಿಗೆ ಶರಣು ತಿಳಿಸಿರಿ.

ಇನ್ನೂ ಸಿಟ್ಟಿನಲ್ಲಿರುವ
ಸಿದ್ದಲಿಂಗವ್ವ

ತಾ. ಕ.: ಮೊದಲ ದಿನ ನೀವು ಬಟ್ಟಲು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಇವನ್ನು ಊರ ಹೊರಗಿನ ಕೆರೆಗೆ ಬಿಟ್ಟು ಬರುತ್ತೇನೆ ಅಂದಿರಿ. ರೊಟ್ಟಿ ಆರುತ್ತಿತ್ತು, ಅಂಗಡಿಗೆ ಹೊತ್ತಾಗಿತ್ತು. "ಅಷ್ಟ ದೂರ ಯಾಕ್ರಿ, ನಮ್ಮ ಬಾವಿಗೇ ಬಿಡ್ರಿ, ತಳಾ ಸೇರಿ ಇರತಾವ" ಅಂದವಳು ನಾನು. ಇದು ನಮ್ಮಿಬ್ಬರಿಗೇ ಗೊತ್ತು. ನೀವು ಅಲ್ಲಿ ಬಾಯಿ ಬಿಡಲಿಲ್ಲ, ನಾನು ಇಲ್ಲಿ ಬಾಯಿ ಬಿಡಲಿಲ್ಲ. ಈ ಲಕೋಟೆಯನ್ನು ಅಂಟಿಸದೆ ಅಪ್ಪನ ಕೈಗೆ ಕೊಡುತ್ತಿದ್ದೇನೆ. ಪೂರ್ತಿ ಓದಿಕೊಂಡು, ಆಮೇಲೆ ಅವನೇ ಅಂಟಿಸಿ ಅಂಚೆಗೆ ಹಾಕಲಿ.