ಹಡಗಿನ ಖೋಲಿಗೆ ಇನ್ನೊಂದು ಹೆಸರು

ರೇಣಮ್ಮನ ಅಪ್ಪನಿಗೆ,

ಇವತ್ತು ಶಹಾಪುರದ ಟ್ರಾವೆಲ್ಸ್ ಅಂಗಡಿಗೆ ಹೋಗಿ ಹಡಗಿನ ಪ್ರವಾಸಕ್ಕೆ ಟಿಕೆಟ್ ಕೇಳಿದೆ. ಫೌಜಿನಿಂದ ನಿವೃತ್ತರಾದ ಮೇಲೆ ನೀವು ಸದಾ ಸಮುದ್ರದ ಮಾತೇ ಆಡುತ್ತಿದ್ದಿರಿ. ಪ್ರತಿ ವರ್ಷ ಕಾಲುವೆಗೆ ನೀರು ಬರುತ್ತಿತ್ತು; ಭತ್ತದ ನಾಟಿ ಮುಗಿಯಲಿ, ಆಮೇಲೆ ಹೋಗೋಣ ಎನ್ನುತ್ತಿದ್ದೆವು.

ಅಂಗಡಿಯ ಹುಡುಗಿ ನಿಮ್ಮ ಫೌಜಿನ ಕಾರ್ಡು ನೋಡಿ, "ಮಾಜಿ ಸೈನಿಕರ ಹೆಂಡ್ತಿಗೂ ರಿಯಾಯಿತಿ ಐತ್ರಿ ಅಮ್ಮ. ಖೋಲಿ ಇಬ್ಬರದು. ಜೋಡಿ ಯಾರು ಬರ್ತಾರ್ರಿ?" ಎಂದಳು.

ನೀವಿದ್ದಾಗ ನಾನು ಒಮ್ಮೆಯೂ ಹೇಳದ ನಿಮ್ಮ ಹೆಸರು ಬಾಯಿಂದ ಬಂದೇಬಿಟ್ಟಿತು.

"ಹಣಮಂತ್ರಾಯ."

ಅವಳು ಬರೆಯತೊಡಗಿದಳು.

"ಬ್ಯಾಡವ್ವಾ, ಅವ್ರು ತೀರಿಕೊಂಡಾರ. ನಾ ಒಬ್ಬಾಕಿನೇ ಹೊಂಟೀನಿ," ಎಂದೆ.

ನನ್ನೊಬ್ಬಳದೇ ಟಿಕೆಟ್ ಕೊಟ್ಟಳು. ಬಸ್ಸಿನಲ್ಲಿ ಊರು ಬರುವವರೆಗೂ ನಿಮ್ಮ ಹೆಸರನ್ನೇ ಮೆಲ್ಲಗೆ ಹೇಳಿಕೊಳ್ಳುತ್ತ ಬಂದೆ. ಯಾರೂ ತಿರುಗಿ ನೋಡಲಿಲ್ಲ.

ಮಾನಮ್ಮ